ಹಳೆಯ ಸೈನಿಕ ರೈಫಲ್‌ಗಳ ಮೌಲ್ಯ ನಿರ್ಣಯ: ಲೀ-ಎನ್‌ಫೀಲ್ಡ್ ರೈಫಲ್ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಮೃತ ಪರವಾನಗಿದಾರರ ಹೆಸರಿನಲ್ಲಿದ್ದ ಆಯುಧವನ್ನು ತಮ್ಮ ಹೆಸರಿಗೆ ಪಡೆಯಲು ಅರ್ಜಿ ಸಲ್ಲಿಸುವ ವಾರಸುದಾರರ ಮುಂದೆ ಪರವಾನಗಿಯ ವಿಷಯದ ಜೊತೆಗೆ ಬೆಲೆಯ ವಿಷಯವೂ ಇರುತ್ತದೆ. ಅಜ್ಜನ ಕಾಲದ ರೈಫಲ್‌ಗೆ ಹೊರದೇಶಗಳಲ್ಲಿ ಲಕ್ಷಾಂತರ ರೂಪಾಯಿ ಬೆಲೆಯಿದೆ ಎಂಬ ಮಾತನ್ನು ನಂಬಿ, ಮನೆಯ ಆಸ್ತಿ ವಿಭಾಗದಲ್ಲಿ ಅದಕ್ಕೆ ದೊಡ್ಡ ಮೊತ್ತವನ್ನು ಕಟ್ಟುವುದು, ಮಾರಾಟಕ್ಕೆ ಸಿದ್ಧಪಡಿಸುವ ಉದ್ದೇಶದಿಂದ ಅದನ್ನು ಉಜ್ಜಿ, ಮೆರುಗು ಹಚ್ಚಿ, ಹೊಸದಾಗಿ ಕಾಣುವಂತೆ ಮಾಡುವುದು ಸಂಭವಿಸುತ್ತದೆ. ಇವೆರಡರಿಂದಲೂ ಕುಟುಂಬಕ್ಕೆ ನಷ್ಟವೇ ಹೊರತು ಲಾಭವಿಲ್ಲ.

ಹಳೆಯ ಸೈನಿಕ ರೈಫಲ್‌ಗಳ ಮೌಲ್ಯವನ್ನು ಸಂಗ್ರಾಹಕರು ಯಾವ ಆಧಾರಗಳ ಮೇಲೆ ನಿರ್ಧರಿಸುತ್ತಾರೆ ಎಂಬುದನ್ನು ಈ ಪುಟದಲ್ಲಿ ಲೀ-ಎನ್‌ಫೀಲ್ಡ್ ರೈಫಲ್‌ನ ಉದಾಹರಣೆಯ ಮೂಲಕ ವಿವರಿಸಲಾಗಿದೆ. ಬ್ರಿಟನ್, ಅಮೆರಿಕ, ಕೆನಡಾ ಮತ್ತು ಆಸ್ಟ್ರೇಲಿಯಾ ದೇಶಗಳಲ್ಲಿ ಈ ರೈಫಲ್‌ನ ಸಂಗ್ರಾಹಕರು ಹೆಚ್ಚಾಗಿದ್ದಾರೆ. ಭಾರತದಲ್ಲಿಯೂ ಇದು ತಯಾರಾಗಿದ್ದು, ‘ತ್ರೀ ನಾಟ್ ತ್ರೀ’ ಎಂಬ ಹೆಸರಿನಿಂದ ಜನಸಾಮಾನ್ಯರಿಗೂ ಪರಿಚಿತವಾಗಿದೆ. ಭಾರತದ ಕಾನೂನಿನಲ್ಲಿ ಈ ಆಯುಧದ ಸ್ಥಾನವೇನು ಎಂಬುದನ್ನು ಪುಟದ ಕೊನೆಯ ಭಾಗದಲ್ಲಿ ತಿಳಿಸಲಾಗಿದೆ.

2. ಲೀ-ಎನ್‌ಫೀಲ್ಡ್ ರೈಫಲ್: ಸಂಕ್ಷಿಪ್ತ ಪರಿಚಯ

ಬೋಲ್ಟ್ ಮತ್ತು ಮ್ಯಾಗಜೀನ್ ವ್ಯವಸ್ಥೆಯನ್ನು ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀ ಅವರ ಹೆಸರು ಹಾಗೂ ಇಂಗ್ಲೆಂಡಿನ ಎನ್‌ಫೀಲ್ಡ್‌ನಲ್ಲಿದ್ದ ಸರ್ಕಾರಿ ಆಯುಧ ಕಾರ್ಖಾನೆಯ ಹೆಸರು ಸೇರಿ ಲೀ-ಎನ್‌ಫೀಲ್ಡ್ ಎಂಬ ಹೆಸರು ಬಂದಿದೆ. ಇದರ ಮುಖ್ಯ ಮಾದರಿಗಳು ಈ ಕೆಳಕಂಡಂತಿವೆ.

(ಅ) 1895: ಮ್ಯಾಗಜೀನ್ ಲೀ-ಎನ್‌ಫೀಲ್ಡ್. ಸುಮಾರು 30 ಅಂಗುಲ ಉದ್ದದ ನಳಿಗೆಯುಳ್ಳ ಮಾದರಿ.
(ಆ) 1904: ಸುಮಾರು 25 ಅಂಗುಲ ನಳಿಗೆಯ ಗಿಡ್ಡ ಮಾದರಿ. ಕಾಲಾಳು ಪಡೆ ಮತ್ತು ಅಶ್ವಪಡೆ ಎರಡಕ್ಕೂ ಒಂದೇ ರೈಫಲ್ ಇರಲೆಂಬುದು ಇದರ ಉದ್ದೇಶವಾಗಿತ್ತು.
(ಇ) 1907: ಗಿಡ್ಡ ಮಾದರಿಯ ಮಾರ್ಕ್ 3. ಮೊದಲನೆಯ ಮಹಾಯುದ್ಧದ ಒತ್ತಡದಲ್ಲಿ ಕೆಲವು ಬಿಡಿಭಾಗಗಳನ್ನು ಕೈಬಿಟ್ಟು ಸರಳಗೊಳಿಸಿದ ರೂಪಕ್ಕೆ ‘ಮಾರ್ಕ್ 3 ನಕ್ಷತ್ರ’ ಎಂದು ಹೆಸರು. 1926ರಲ್ಲಿ ನಾಮಕರಣ ಪದ್ಧತಿ ಬದಲಾಗಿ ಗಿಡ್ಡ ಮಾದರಿಗೆ ‘ನಂಬರ್ 1’ ಎಂಬ ಹೆಸರು ಬಂದಿತು.
(ಈ) 1941: ನಂಬರ್ 4. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್, ಕೆನಡಾ ಹಾಗೂ ಅಮೆರಿಕದ ಕಾರ್ಖಾನೆಗಳಲ್ಲಿ ತಯಾರಾದ ಮಾದರಿ.
(ಉ) 1944: ನಂಬರ್ 5. ಕಾಡಿನ ಯುದ್ಧಕ್ಕಾಗಿ ಹಗುರಗೊಳಿಸಿದ ಮಾದರಿ. ಸಂಗ್ರಾಹಕರು ಇದನ್ನು ‘ಜಂಗಲ್ ಕಾರ್ಬೈನ್’ ಎನ್ನುತ್ತಾರೆ.

ಪಶ್ಚಿಮ ಬಂಗಾಳದ ಇಶಾಪುರದಲ್ಲಿರುವ ರೈಫಲ್ ಕಾರ್ಖಾನೆಯಲ್ಲಿ ಮಾರ್ಕ್ 3 ಮಾದರಿಯು ದೀರ್ಘಕಾಲ ತಯಾರಾಯಿತು. 1962ರ ಚೀನಾ ಯುದ್ಧದ ನಂತರ ಅದೇ ವಿನ್ಯಾಸದಲ್ಲಿ 7.62 ಮಿಲಿಮೀಟರ್ ತೋಟಾ ಬಳಸುವ 2ಎ ಮತ್ತು 2ಎ1 ಎಂಬ ಮಾದರಿಗಳು ಅಲ್ಲಿಯೇ ತಯಾರಾದವು. ಇವು ಹಳೆಯ .303 ರೈಫಲ್‌ಗಳನ್ನು ಮಾರ್ಪಡಿಸಿದವು ಎಂಬ ತಪ್ಪು ಕಲ್ಪನೆಯಿದೆ. ವಾಸ್ತವವಾಗಿ ಇವು ಹೆಚ್ಚು ಬಲವಾದ ಉಕ್ಕಿನಿಂದ ಹೊಸದಾಗಿ ನಿರ್ಮಿಸಿದ ರೈಫಲ್‌ಗಳು.

ಎಲ್ಲ ಮಾದರಿಗಳೂ ಸೇರಿ ಒಂದು ಕೋಟಿಗೂ ಹೆಚ್ಚು ಲೀ-ಎನ್‌ಫೀಲ್ಡ್ ರೈಫಲ್‌ಗಳು ತಯಾರಾಗಿವೆ. ಆದುದರಿಂದ ರೈಫಲ್ ಹಳೆಯದು ಎಂಬ ಒಂದೇ ಕಾರಣದಿಂದ ಅದು ಅಮೂಲ್ಯವಾಗುವುದಿಲ್ಲ ಎಂಬುದನ್ನು ಮೊದಲಿಗೆ ಗಮನಿಸತಕ್ಕದ್ದು.

3. ಮೊದಲ ಹಂತ: ಗುರುತುಗಳನ್ನು ಓದುವುದು

ರೈಫಲ್ ಯಾವುದು, ಎಲ್ಲಿಯದು, ಯಾವ ವರ್ಷದ್ದು ಎಂಬುದನ್ನು ಸಂಗ್ರಾಹಕರು ಮೊದಲು ಲೋಹದ ಮೇಲಿನ ಮುದ್ರೆಗಳಿಂದ ತಿಳಿಯುತ್ತಾರೆ. ಗಿಡ್ಡ ಮಾದರಿಯಲ್ಲಿ ಬೋಲ್ಟ್ ಹಿಡಿಯ ಕೆಳಗೆ, ಹಿಂಬದಿಯ ಮರ ಸೇರುವ ಲೋಹದ ಪಟ್ಟಿಯ ಬಲಭಾಗದಲ್ಲಿ ಕಿರೀಟ, ರಾಜನ ಹೆಸರಿನ ಅಕ್ಷರಗಳು, ಕಾರ್ಖಾನೆ, ವರ್ಷ ಮತ್ತು ಮಾದರಿಯನ್ನು ಮುದ್ರಿಸಲಾಗಿರುತ್ತದೆ.

ರಾಜನ ಅಕ್ಷರಗಳು ಕಾಲವನ್ನು ಸೂಚಿಸುತ್ತವೆ. ‘ವಿ.ಆರ್.’ ಎಂಬುದು 1901ರಲ್ಲಿ ನಿಧನರಾದ ವಿಕ್ಟೋರಿಯಾ ರಾಣಿಯ ಕಾಲದ್ದು; ‘ಇ.ಆರ್.’ ಎಂಬುದು 1901ರಿಂದ 1910ರವರೆಗಿನ ಏಳನೆಯ ಎಡ್ವರ್ಡ್ ಕಾಲದ್ದು, ನಂತರದ್ದು ‘ಜಿ.ಆರ್.’ ಇಶಾಪುರದ ರೈಫಲ್‌ಗಳಲ್ಲಿ ‘ಜಿ.ಆರ್.ಐ.’ ಎಂಬ ಅಕ್ಷರಗಳೂ ಕಂಡುಬರುತ್ತವೆ. ಇಲ್ಲಿ ಕೊನೆಯ ಅಕ್ಷರವು ಚಕ್ರವರ್ತಿ ಎಂಬ ಪದವಿಯನ್ನು ಸೂಚಿಸುತ್ತದೆ. ಸ್ವಾತಂತ್ರ್ಯಾನಂತರದ ರೈಫಲ್‌ಗಳಲ್ಲಿ ‘ಆರ್.ಎಫ್.ಐ.’ ಎಂಬ ಕಾರ್ಖಾನೆಯ ಗುರುತು ಇರುತ್ತದೆ.

ಬಾಣದ ತುದಿಯ ಆಕಾರದ ಗುರುತು ಸರ್ಕಾರಿ ಸ್ವತ್ತು ಎಂಬುದರ ಸಂಕೇತ. ಬಾಣದ ಜೊತೆ ‘ಐ’ ಅಕ್ಷರವಿದ್ದರೆ ಭಾರತ ಸರ್ಕಾರದ, ‘ಸಿ’ ಅಕ್ಷರದೊಳಗೆ ಬಾಣವಿದ್ದರೆ ಕೆನಡಾದ ಸ್ವತ್ತಾಗಿತ್ತು ಎಂದು ತಿಳಿಯಬೇಕು. ಎರಡು ಬಾಣಗಳು ತುದಿಗೆ ತುದಿ ತಾಗಿದಂತೆ ಎದುರುಬದುರಾಗಿದ್ದರೆ ಆ ರೈಫಲನ್ನು ಬ್ರಿಟಿಷ್ ಸೇವೆಯಿಂದ ಅಧಿಕೃತವಾಗಿ ಮಾರಾಟ ಮಾಡಲಾಗಿದೆ ಎಂದರ್ಥ. ಲೋಹವನ್ನು ಉಜ್ಜಿ ಈ ಗುರುತುಗಳನ್ನು ಅಳಿಸಿದರೆ, ರೈಫಲ್‌ನ ಕುರಿತು ರೈಫಲ್ ಸ್ವತಃ ನೀಡುವ ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ.

4. ಎರಡನೆಯ ಹಂತ: ಮೂಲಸ್ಥಿತಿ ಮತ್ತು ಹೊಂದುವ ಸಂಖ್ಯೆಗಳು

ಮೌಲ್ಯ ನಿರ್ಣಯದಲ್ಲಿ ಅತ್ಯಂತ ಹೆಚ್ಚಿನ ತೂಕವಿರುವುದು ಈ ಅಂಶಕ್ಕೆ. ಕಾರ್ಖಾನೆಯಿಂದ ಹೊರಬಂದಾಗ ಅಥವಾ ಸೈನ್ಯದ ಸೇವೆಯಲ್ಲಿದ್ದಾಗ ಇದ್ದ ರೂಪದಲ್ಲಿಯೇ ರೈಫಲ್ ಉಳಿದಿದೆಯೇ ಎಂಬುದನ್ನು ಸಂಗ್ರಾಹಕರು ಪರಿಶೀಲಿಸುತ್ತಾರೆ.

ಗಿಡ್ಡ ಮಾದರಿಯ ಲೀ-ಎನ್‌ಫೀಲ್ಡ್‌ನಲ್ಲಿ ಕ್ರಮಸಂಖ್ಯೆಯನ್ನು ಮುಖ್ಯ ಚೌಕಟ್ಟು, ನಳಿಗೆ, ಬೋಲ್ಟ್ ಹಿಡಿಯ ಹಿಂಭಾಗ, ಹಿಂಬದಿಯ ಗುರಿಪಟ್ಟಿ, ನಳಿಗೆಯ ತುದಿಯ ಲೋಹದ ಟೋಪಿ ಮತ್ತು ಮುಂಭಾಗದ ಮರದ ಅಡಿಯಲ್ಲಿ ಹಾಕಲಾಗುತ್ತಿತ್ತು. ಇವೆಲ್ಲವೂ ಒಂದೇ ಆಗಿದ್ದರೆ ಅದನ್ನು ‘ಸಂಖ್ಯೆಗಳು ಹೊಂದುವ ರೈಫಲ್’ ಎನ್ನಲಾಗುತ್ತದೆ. ಬೋಲ್ಟ್‌ನ ಸಂಖ್ಯೆ ಬೇರೆಯಾಗಿದ್ದರೆ ಮೌಲ್ಯವು ಗಣನೀಯವಾಗಿ ಇಳಿಯುತ್ತದೆ.

ಇದು ಬೆಲೆಯ ಪ್ರಶ್ನೆ ಮಾತ್ರವಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ಪ್ರತಿಯೊಂದು ಬೋಲ್ಟನ್ನು ಅದರದೇ ರೈಫಲ್‌ಗೆ ಅಳತೆ ನೋಡಿ ಕೂಡಿಸಲಾಗುತ್ತಿತ್ತು. ನಂಬರ್ 4 ಮಾದರಿಯಲ್ಲಿ ಈ ಅಳತೆಗೆಂದೇ 0, 1, 2, 3 ಎಂದು ಗುರುತಿಸಿದ, ಸ್ವಲ್ಪ ಸ್ವಲ್ಪವೇ ಉದ್ದ ಹೆಚ್ಚಾಗುವ ಬೋಲ್ಟ್ ತಲೆಗಳಿದ್ದವು. ಬೇರೆ ರೈಫಲ್‌ನ ಬೋಲ್ಟ್ ಕೂಡಿಸಿದಾಗ ತೋಟಾದ ಹಿಂದೆ ಅಂತರ ಹೆಚ್ಚಾಗಿ, ಹಾರಿಸುವ ಸಮಯದಲ್ಲಿ ತೋಟಾದ ಕೋಶವು ಸೀಳಿ ಹಾರಿಸುವವರಿಗೆ ಅಪಾಯವುಂಟಾಗಬಹುದು.

ಸೈನ್ಯವು ತನ್ನ ಕಾರ್ಖಾನೆಗಳಲ್ಲಿ ಮಾಡಿಸಿದ ದುರಸ್ತಿಯನ್ನು ಸಂಗ್ರಾಹಕರು ದೋಷವೆಂದು ಎಣಿಸುವುದಿಲ್ಲ. ಉದಾಹರಣೆಗೆ, ‘ಎಫ್.ಟಿ.ಆರ್.’ ಎಂಬ ಅಕ್ಷರಗಳ ಜೊತೆ ವರ್ಷವನ್ನು ಮುದ್ರಿಸಿದ್ದರೆ ಆ ವರ್ಷ ಕಾರ್ಖಾನೆಯಲ್ಲಿ ಸಂಪೂರ್ಣ ದುರಸ್ತಿಯಾಗಿದೆ ಎಂದರ್ಥ. ಇಶಾಪುರದ ರೈಫಲ್‌ಗಳಲ್ಲಿ ಮುಂಭಾಗದ ಮರ ಸೀಳದಂತೆ ಅಡ್ಡಲಾಗಿ ಒಂದು ತಿರುಪನ್ನು ಹಾಕುವ ಪದ್ಧತಿಯಿತ್ತು. ಇದನ್ನು ಸಂಗ್ರಾಹಕರು ‘ಇಶಾಪುರ ಸ್ಕ್ರೂ’ ಎಂದೇ ಕರೆಯುತ್ತಾರೆ. ಇಂತಹವು ರೈಫಲ್‌ನ ಸೇವಾ ಇತಿಹಾಸದ ಭಾಗಗಳು. ಖಾಸಗಿಯವರು ನಂತರ ಮಾಡಿಸಿದ ‘ಸುಧಾರಣೆ’ಗಳಿಗೆ ಈ ಮಾನ್ಯತೆ ಇಲ್ಲ.

ಎರಡನೆಯ ಮಹಾಯುದ್ಧದ ನಂತರ ಸಾವಿರಾರು ಲೀ-ಎನ್‌ಫೀಲ್ಡ್‌ಗಳ ಮುಂಭಾಗದ ಮರವನ್ನು ಕತ್ತರಿಸಿ, ಕೆಲವೊಮ್ಮೆ ನಳಿಗೆಯನ್ನೂ ಗಿಡ್ಡ ಮಾಡಿ, ಬೇಟೆಯ ರೈಫಲ್‌ಗಳನ್ನಾಗಿ ಮಾರ್ಪಡಿಸಲಾಯಿತು. ಅಂದು ಅದು ಅಗ್ಗದ ಬೇಟೆಯ ಆಯುಧವಾಗಿತ್ತು. ಇಂದು ಅದೇ ಮಾರ್ಪಾಡು ಅದರ ಸಂಗ್ರಹ ಮೌಲ್ಯವನ್ನು ಬಹುಪಾಲು ಕಳೆದಿದೆ.

5. ಮೂರನೆಯ ಹಂತ: ಭೌತಿಕ ಸ್ಥಿತಿ

(ಅ) ಲೋಹದ ಲೇಪ: ಮೂಲ ಕಪ್ಪು ಅಥವಾ ಕಂದು ಲೇಪ ಎಷ್ಟು ಉಳಿದಿದೆ ಎಂಬುದನ್ನು ಅಂದಾಜಿಸಲಾಗುತ್ತದೆ. ಮೂಲ ಲೇಪ ಮಾಸಿದ ರೈಫಲ್‌ಗಿಂತ ಹೊಸ ಲೇಪ ಹಾಕಿದ ರೈಫಲ್‌ಗೆ ಕಡಿಮೆ ಬೆಲೆ. ಹೊಸ ಲೇಪಕ್ಕೆ ಮೊದಲು ಲೋಹವನ್ನು ಉಜ್ಜುವುದರಿಂದ ಅಕ್ಷರಗಳ ಅಂಚು ಸವೆದು ಮೊಂಡಾಗಿರುತ್ತದೆ. ಪರಿಣತರು ಇದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ.

(ಆ) ಮರ: ಬ್ರಿಟಿಷ್ ಸೇವೆಯಲ್ಲಿ ರೈಫಲ್‌ನ ಮರಕ್ಕೆ ಅಗಸೆ ಎಣ್ಣೆಯನ್ನು ಹಚ್ಚುತ್ತಿದ್ದರು. ಮರದ ಮೇಲೆ ಪರಿಶೀಲಕರ ಮತ್ತು ದುರಸ್ತಿಯ ಮುದ್ರೆಗಳಿರುತ್ತವೆ. ಮರಳು ಕಾಗದದಿಂದ ಉಜ್ಜಿದರೆ ಅವು ಅಳಿಸಿಹೋಗುತ್ತವೆ. ವಾರ್ನಿಷ್ ಹಚ್ಚಿದರೆ ಹೊಳಪು ಬರುತ್ತದೆ, ಮೌಲ್ಯ ಹೋಗುತ್ತದೆ.

(ಇ) ನಳಿಗೆಯ ಒಳಭಾಗ: ಹಳೆಯ ಸೈನಿಕ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ನಂತರ ಉಳಿಯುವ ಲವಣವು ಗಾಳಿಯ ತೇವವನ್ನು ಹೀರಿ ನಳಿಗೆಯೊಳಗೆ ತುಕ್ಕಿನ ಗುಳಿಗಳನ್ನು ಉಂಟುಮಾಡುತ್ತದೆ. ಎಣ್ಣೆಗೆ ಈ ಲವಣ ಕರಗದು, ನೀರಿಗೆ ಕರಗುತ್ತದೆ. ಆದ್ದರಿಂದಲೇ ಸೈನಿಕರು ನಳಿಗೆಯಲ್ಲಿ ಕುದಿಯುವ ನೀರು ಸುರಿದು, ಒರೆಸಿ, ನಂತರ ಎಣ್ಣೆ ಹಾಕುತ್ತಿದ್ದರು. ಗೆರೆಗಳು ಸ್ಪಷ್ಟವಾಗಿ ಉಳಿದ ನಳಿಗೆಯು ಬೆಲೆಯನ್ನು ಹೆಚ್ಚಿಸುತ್ತದೆ.

ಸ್ಥಿತಿಯನ್ನು ವರ್ಣಿಸಲು ಅಮೆರಿಕದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ರೂಪಿಸಿದ ಶ್ರೇಣಿಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಪುರಾತನ ಆಯುಧಗಳಿಗೆ ಅನ್ವಯವಾಗುವ ಶ್ರೇಣಿಯಲ್ಲಿ ‘ಎಕ್ಸಲೆಂಟ್’ ಎನ್ನಲು ಎಲ್ಲ ಭಾಗಗಳೂ ಮೂಲವಾಗಿದ್ದು ಶೇಕಡ 80ಕ್ಕಿಂತ ಹೆಚ್ಚು ಮೂಲ ಲೇಪ ಉಳಿದಿರಬೇಕು. ‘ಫೈನ್’ ಎನ್ನಲು ಶೇಕಡ 30ಕ್ಕಿಂತ ಹೆಚ್ಚು. ಲೇಪ ಪೂರ್ತಿ ಮಾಸಿದ್ದರೂ ಎಲ್ಲ ಭಾಗಗಳು ಮೂಲವಾಗಿದ್ದರೆ ‘ವೆರಿ ಗುಡ್’ ಎನಿಸಿಕೊಳ್ಳಬಹುದು. ಆದರೆ ಉಜ್ಜಿ ಹೊಸ ಲೇಪ ಹಾಕಿದ ಆಯುಧವು ಅದಕ್ಕಿಂತ ಕೆಳಗಿನ ‘ಗುಡ್’ ಶ್ರೇಣಿಗೆ ಇಳಿಯುತ್ತದೆ. ಮಾಸಿದ ಮೂಲಕ್ಕೆ ಹೊಳೆಯುವ ಹೊಸತಿಗಿಂತ ಮೇಲಿನ ಸ್ಥಾನವಿರುವುದನ್ನು ಈ ಶ್ರೇಣಿಯೇ ತೋರಿಸುತ್ತದೆ.

ವಿವರಣೆಗಾಗಿ ಒಂದು ಕಾಲ್ಪನಿಕ ಉದಾಹರಣೆ: ಒಂದೇ ಕಾರ್ಖಾನೆಯ, 1917ರ ಎರಡು ರೈಫಲ್‌ಗಳಿವೆ ಎಂದಿಟ್ಟುಕೊಳ್ಳಬಹುದು. ಮೊದಲನೆಯದರ ಮರದಲ್ಲಿ ಗೀರುಗಳಿವೆ, ಲೇಪ ಅರ್ಧ ಮಾಸಿದೆ, ಆದರೆ ಎಲ್ಲ ಸಂಖ್ಯೆಗಳೂ ಹೊಂದುತ್ತವೆ. ಎರಡನೆಯದು ಕನ್ನಡಿಯಂತೆ ಹೊಳೆಯುತ್ತಿದೆ, ಆದರೆ ಬೋಲ್ಟ್ ಬೇರೆಯದು, ಮುದ್ರೆಗಳು ಮೊಂಡಾಗಿವೆ. ಸಾಮಾನ್ಯ ಗ್ರಾಹಕರು ಎರಡನೆಯದನ್ನು ಆರಿಸಬಹುದು. ಸಂಗ್ರಾಹಕರು ಮೊದಲನೆಯದನ್ನೇ ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತಾರೆ.

6. ನಾಲ್ಕನೆಯ ಹಂತ: ವಿರಳತೆ ಮತ್ತು ಬೇಡಿಕೆ

ವಿರಳತೆ ಎಂದರೆ ವಯಸ್ಸಲ್ಲ. ಉಳಿದಿರುವ ಸಂಖ್ಯೆ ಮತ್ತು ಅದನ್ನು ಬಯಸುವವರ ಸಂಖ್ಯೆಗಳ ನಡುವಿನ ಅನುಪಾತ. 1922ರಿಂದ 1924ರ ಅವಧಿಯಲ್ಲಿ ಪರೀಕ್ಷೆಗಾಗಿ ಮಾತ್ರ ತಯಾರಾದ ಮಾರ್ಕ್ 5 ಮಾದರಿಯು ಅದಕ್ಕಿಂತ ಹಳೆಯದಾದ ಸಾಮಾನ್ಯ ಮಾರ್ಕ್ 3ಕ್ಕಿಂತ ವಿರಳ.

ದೂರದರ್ಶಕ ಅಳವಡಿಸಿದ ‘ನಂಬರ್ 4 (ಟಿ)’ ಎಂಬ ಗುರಿಕಾರರ ರೈಫಲ್ ಈ ವಿಷಯದಲ್ಲಿ ಉತ್ತಮ ನಿದರ್ಶನ. ನಿಖರತೆಯಲ್ಲಿ ಆಯ್ಕೆಯಾದ ನಂಬರ್ 4 ರೈಫಲ್‌ಗಳನ್ನು ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳುಹಿಸಿ ನಂಬರ್ 32 ದೂರದರ್ಶಕವನ್ನು ಕೂಡಿಸಲಾಗುತ್ತಿತ್ತು. ಆ ದೂರದರ್ಶಕದ ಸಂಖ್ಯೆಯನ್ನು ರೈಫಲ್‌ನ ಹಿಂಬದಿ ಮರದ ಮೇಲೆ ಮುದ್ರಿಸಲಾಗುತ್ತಿತ್ತು. ರೈಫಲ್, ಆಧಾರಪಟ್ಟಿ ಮತ್ತು ದೂರದರ್ಶಕ ಮೂರೂ ಒಂದಕ್ಕೊಂದು ಹೊಂದಿದ್ದು, ಮೂಲ ಮರದ ಪೆಟ್ಟಿಗೆಯೂ ಇದ್ದರೆ ಅಂತಹ ಜೋಡಣೆಗೆ ಸಾಮಾನ್ಯ ನಂಬರ್ 4ರ ಹಲವು ಪಟ್ಟು ಬೆಲೆ ಬರುತ್ತದೆ. ದೂರದರ್ಶಕವನ್ನು ಬೇರ್ಪಡಿಸಿ ಮಾರಿದರೆ ಎರಡರ ಬೆಲೆಯೂ ಕುಗ್ಗುತ್ತದೆ.

ಪೂರೈಕೆ ಹೆಚ್ಚಾದಾಗ ವಿರಳತೆ ಕಡಿಮೆಯಾಗುತ್ತದೆ. 2003ರಲ್ಲಿ ನೇಪಾಳದ ಸರ್ಕಾರಿ ಶಸ್ತ್ರಾಗಾರದಲ್ಲಿದ್ದ ಬೃಹತ್ ಪ್ರಮಾಣದ ಹಳೆಯ ಬಂದೂಕುಗಳು ಅಮೆರಿಕದ ವ್ಯಾಪಾರಿಗಳ ಪಾಲಾದವು. ಅವುಗಳಲ್ಲಿ 1871ರಿಂದ ಬ್ರಿಟಿಷ್ ಸೇವೆಯಲ್ಲಿದ್ದ ಮಾರ್ಟಿನಿ-ಹೆನ್ರಿ ರೈಫಲ್‌ಗಳೂ ಇದ್ದು, ಅಲ್ಲಿಯವರೆಗೆ ಸುಲಭವಾಗಿ ದೊರೆಯದಿದ್ದ ಮಾದರಿಗಳು ಸಾಮಾನ್ಯ ಸಂಗ್ರಾಹಕರ ಕೈಗೂ ಎಟುಕಿದವು. ಇಶಾಪುರದ ರೈಫಲ್‌ಗಳೂ ಹಿಂದೆ ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋಗಿರುವುದರಿಂದ ಅಲ್ಲಿ ಅವು ಅಪರೂಪದ ವಸ್ತುಗಳಲ್ಲ. ಅಮೆರಿಕದಲ್ಲಿ 1968ರ ಬಂದೂಕು ನಿಯಂತ್ರಣ ಕಾನೂನಿನಡಿ ಆಮದುದಾರರು ತಮ್ಮ ಗುರುತನ್ನು ಆಯುಧದ ಮೇಲೆ ಹಾಕಬೇಕಾಗಿದ್ದು, ಇಂತಹ ಗುರುತಿಲ್ಲದ ರೈಫಲ್‌ಗೆ ಸಂಗ್ರಾಹಕರು ಹೆಚ್ಚು ಬೆಲೆ ನೀಡುತ್ತಾರೆ.

ಕಾನೂನೂ ಬೇಡಿಕೆಯನ್ನು ಬದಲಿಸುತ್ತದೆ. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ‘ಪುರಾತನ’ ಎನಿಸಿಕೊಂಡು ಹೆಚ್ಚಿನ ನಿರ್ಬಂಧಗಳಿಂದ ಹೊರಗುಳಿಯುತ್ತದೆ. ಆದ್ದರಿಂದ 1898ರ ಮ್ಯಾಗಜೀನ್ ಲೀ-ಎನ್‌ಫೀಲ್ಡ್‌ಗೆ 1899ರ ಅಂತಹುದೇ ರೈಫಲ್‌ಗಿಂತ ಹೆಚ್ಚಿನ ಬೇಡಿಕೆ ಇರುತ್ತದೆ.

7. ಐದನೆಯ ಹಂತ: ದಾಖಲೆಯುಳ್ಳ ಪೂರ್ವೇತಿಹಾಸ

ರೈಫಲ್ ಯಾರ ಕೈಯಲ್ಲಿತ್ತು, ಯಾವ ದಳದಲ್ಲಿತ್ತು ಎಂಬುದಕ್ಕೆ ದಾಖಲೆಯಿದ್ದರೆ ಮೌಲ್ಯ ಹೆಚ್ಚುತ್ತದೆ. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ತಯಾರಾದ ರೈಫಲ್‌ಗಳ ಹಿಂಬದಿ ಮರದಲ್ಲಿ ಹಿತ್ತಾಳೆಯ ಬಿಲ್ಲೆಯೊಂದಿದ್ದು, ಅದರ ಮೇಲೆ ದಳದ ಹೆಸರನ್ನು ಮುದ್ರಿಸಲಾಗುತ್ತಿತ್ತು. ಬಿಲ್ಲೆ ಮೂಲದ್ದಾಗಿದ್ದರೆ ಸಂಗ್ರಾಹಕರಿಗೆ ಅದು ಮಹತ್ವದ ಸುಳಿವು.

ಬಾಯಿಮಾತಿನ ಕಥೆಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ‘ಅಜ್ಜ ಯುದ್ಧದಲ್ಲಿ ಬಳಸಿದ ರೈಫಲ್’ ಎಂಬ ಹೇಳಿಕೆಗೆ ಸೇವಾ ಪುಸ್ತಕ, ಹಳೆಯ ಪರವಾನಗಿ, ಖರೀದಿ ರಸೀದಿ, ದಿನಾಂಕವುಳ್ಳ ಛಾಯಾಚಿತ್ರ ಮುಂತಾದವು ಬೆಂಬಲವಾಗಿರಬೇಕು. ಆಯುಧದ ಸಂಖ್ಯೆಯನ್ನು ನಮೂದಿಸಿರುವ ಹಳೆಯ ಪರವಾನಗಿ ಪುಸ್ತಕವನ್ನು ಹೊಸ ಪರವಾನಗಿ ಬಂದ ಮೇಲೂ ಅಥವಾ ಅದರ ಪ್ರತಿಯನ್ನಾದರೂ ಜೋಪಾನವಾಗಿರಿಸುವುದು ಸೂಕ್ತ.

8. ನಕಲಿ ಮತ್ತು ಮಾರ್ಪಡಿಸಿದ ರೈಫಲ್‌ಗಳು

ಬೆಲೆ ಏರಿದಂತೆ ನಕಲಿಗಳೂ ಹೆಚ್ಚುತ್ತವೆ. ಸಾಮಾನ್ಯವಾಗಿ ಕಂಡುಬರುವ ಬಗೆಗಳು:

(ಅ) ಪಾಕಿಸ್ತಾನದ ದರ್ರಾ ಆದಂ ಖೇಲ್ ಮುಂತಾದ ಗಡಿ ಪ್ರದೇಶದ ಕೈಕೆಲಸದ ನಕಲುಗಳು. ಇಂಗ್ಲಿಷ್ ಬಾರದ ಕುಶಲಕರ್ಮಿಗಳು ಮುದ್ರೆಗಳನ್ನು ನೋಡಿ ಕೆತ್ತಿರುವುದರಿಂದ ‘ಎನ್’ ಅಕ್ಷರ ಹಿಂದುಮುಂದಾಗಿರುವುದು, ಕಾಗುಣಿತ ತಪ್ಪಿರುವುದು, ವಿಕ್ಟೋರಿಯಾ ರಾಣಿಯ ಅಕ್ಷರಗಳ ಕೆಳಗೆ 1901ರ ನಂತರದ ವರ್ಷವಿರುವುದು ಕಂಡುಬರುತ್ತದೆ. ಇವುಗಳ ಉಕ್ಕಿನ ಗುಣಮಟ್ಟದ ಬಗ್ಗೆ ಭರವಸೆ ಇಲ್ಲದಿರುವುದರಿಂದ ಹಾರಿಸುವುದು ಅಪಾಯಕರ.

(ಆ) ನಂಬರ್ 4 ರೈಫಲ್‌ನ ನಳಿಗೆ ಕತ್ತರಿಸಿ ನಂಬರ್ 5 ಎಂದು ಮಾರುವುದು. ನಿಜವಾದ ನಂಬರ್ 5ರಲ್ಲಿ ತೂಕ ಇಳಿಸಲು ನಳಿಗೆ ಮತ್ತು ಚೌಕಟ್ಟಿನ ಲೋಹವನ್ನು ಅಲ್ಲಲ್ಲಿ ಕೊರೆದು ತೆಗೆಯಲಾಗಿರುತ್ತದೆ. ನಕಲಿಯಲ್ಲಿ ಇದು ಇರುವುದಿಲ್ಲ.

(ಇ) ಸಾಮಾನ್ಯ ನಂಬರ್ 4ಕ್ಕೆ ‘ಟಿ’ ಮುದ್ರೆ ಹಾಕಿ ಗುರಿಕಾರರ ರೈಫಲ್ ಎಂದು ತೋರಿಸುವುದು.

(ಈ) ‘ಡಿ.ಪಿ.’ ಎಂದು ಗುರುತಿಸಿದ ಕವಾಯತು ರೈಫಲ್‌ಗಳು. ಇವು ನಕಲಿಗಳಲ್ಲ, ಆದರೆ ಕವಾಯತಿಗೆಂದೇ ಬೇರ್ಪಡಿಸಿದವು, ಹಾರಿಸಲು ಯೋಗ್ಯವಲ್ಲ. ಗುರುತನ್ನು ಅಳಿಸಿ ಮಾರುವ ವಂಚನೆಯಿದೆ.

9. ‘ಬೆಲೆ’ ಎಂಬ ಪದದ ಬೇರೆ ಬೇರೆ ಅರ್ಥಗಳು

ವಾರಸುದಾರರಲ್ಲಿ ಹೆಚ್ಚಿನ ಗೊಂದಲವುಂಟಾಗುವುದು ಇಲ್ಲಿಯೇ. ಒಂದೇ ವಸ್ತುವಿಗೆ ಒಂದೇ ಸಮಯದಲ್ಲಿ ಈ ಕೆಳಕಂಡ ಬೇರೆ ಬೇರೆ ಬೆಲೆಗಳಿರಬಹುದು.

(ಅ) ಕೇಳುಬೆಲೆ: ಮಾರಾಟಗಾರ ಬಯಸುವ ಮೊತ್ತ. ಇದು ವ್ಯವಹಾರ ನಡೆದ ಬೆಲೆಯಲ್ಲ.
(ಆ) ಹರಾಜಿನ ಬೆಲೆ: ಸವಾಲಿನಲ್ಲಿ ನಿಂತ ಕೊನೆಯ ಮೊತ್ತ. ಕೊಳ್ಳುವವರು ಇದರ ಮೇಲೆ ಹರಾಜು ಸಂಸ್ಥೆಯ ಶುಲ್ಕವನ್ನೂ ಕೊಡುತ್ತಾರೆ. ಮಾರುವವರಿಗೆ ಇದರಲ್ಲಿ ಕಮಿಷನ್ ಕಳೆದು ಉಳಿದದ್ದು ದೊರೆಯುತ್ತದೆ.
(ಇ) ವ್ಯಾಪಾರಿ ಕೊಡುವ ಬೆಲೆ: ವ್ಯಾಪಾರಿಯು ತನ್ನ ಲಾಭ ಮತ್ತು ವೆಚ್ಚವನ್ನು ಬಿಟ್ಟು ಕೊಡುವ ಮೊತ್ತ. ಇದು ಅಂಗಡಿಯ ಬೆಲೆಗಿಂತ ಕಡಿಮೆಯೇ ಇರುತ್ತದೆ.
(ಈ) ವಿಮಾ ಮೌಲ್ಯ: ಕಳೆದುಹೋದರೆ ಅಂತಹುದೇ ಮತ್ತೊಂದನ್ನು ಪಡೆಯಲು ಬೇಕಾಗುವ ಮೊತ್ತ. ಇದು ಸಾಮಾನ್ಯವಾಗಿ ಮಾರಾಟದ ಬೆಲೆಗಿಂತ ಹೆಚ್ಚು.

ಹೊರದೇಶದ ಹರಾಜಿನಲ್ಲಿ ದೂರದರ್ಶಕ ಸಹಿತವಾದ ಒಂದು ಅಪರೂಪದ ರೈಫಲ್‌ಗೆ ಬಂದ ಮೊತ್ತವನ್ನು ಮನೆಯಲ್ಲಿರುವ ಸಾಮಾನ್ಯ ರೈಫಲ್‌ಗೆ ಅನ್ವಯಿಸುವುದು ಸರಿಯಲ್ಲ. ಕಾನೂನುಬದ್ಧವಾಗಿ ಕೊಳ್ಳಬಲ್ಲವರು ಇರುವಲ್ಲಿ ಮಾತ್ರ ಮಾರುಕಟ್ಟೆ ಬೆಲೆ ಎಂಬುದಕ್ಕೆ ಅರ್ಥವಿರುತ್ತದೆ.

10. ಭಾರತದಲ್ಲಿ ಕಾನೂನಿನ ಸ್ಥಿತಿ

ಆಯುಧ ಅಧಿನಿಯಮ, 1959 ಮತ್ತು ಆಯುಧ ನಿಯಮಗಳು, 2016ರ ಮುಖ್ಯ ಅಂಶಗಳು:

(ಅ) .303 ಮತ್ತು 7.62 ಮಿಲಿಮೀಟರ್ ಬೋರ್‌ನ ರೈಫಲ್‌ಗಳು ಹಾಗೂ .410 ಬೋರ್‌ನ ಮಸ್ಕೆಟ್‌ಗಳು ನಿರ್ಬಂಧಿತ ವರ್ಗಕ್ಕೆ ಸೇರಿವೆ. ಇಶಾಪುರದಲ್ಲಿ ಪಹರೆ ಕೆಲಸಕ್ಕಾಗಿ ಲೀ-ಎನ್‌ಫೀಲ್ಡ್ ವಿನ್ಯಾಸದಲ್ಲಿಯೇ ರೂಪಿಸಿದ ಮಸ್ಕೆಟ್‌ಗಳಿಗೂ ಇದು ಅನ್ವಯಿಸುತ್ತದೆ. ಸಾಮಾನ್ಯ ನಾಗರಿಕರಿಗೆ ಇವುಗಳ ಮುಕ್ತ ಮಾರುಕಟ್ಟೆ ಭಾರತದಲ್ಲಿ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ನಿಷೇಧಿತ ಆಯುಧವನ್ನು ಕಾನೂನುಬಾಹಿರವಾಗಿ ಪಡೆಯುವುದು ಅಥವಾ ಹೊಂದುವುದಕ್ಕೆ ಕನಿಷ್ಠ 7 ವರ್ಷಗಳಿಂದ 14 ವರ್ಷಗಳವರೆಗೆ ಸೆರೆವಾಸವಿದೆ.

(ಆ) ಅನೇಕ ಮನೆಗಳಲ್ಲಿರುವ .315 ಬೋರ್‌ನ ಇಶಾಪುರ ರೈಫಲ್ ಲೀ-ಎನ್‌ಫೀಲ್ಡ್ ವಿನ್ಯಾಸದ್ದೇ ಆದರೂ ನಾಗರಿಕರಿಗಾಗಿ ತಯಾರಾದ ಬೇಟೆಯ ರೈಫಲ್. ಇದು ನಿರ್ಬಂಧಿತ ಬೋರ್‌ನದಲ್ಲ. ಇದನ್ನು ಯುದ್ಧಕಾಲದ ಸೈನಿಕ ರೈಫಲ್ ಎಂದು ಭಾವಿಸಿ ಮೌಲ್ಯ ಕಟ್ಟುವುದು ತಪ್ಪಾಗುತ್ತದೆ.

(ಇ) 2019ರ ತಿದ್ದುಪಡಿಯಂತೆ ಒಬ್ಬ ವ್ಯಕ್ತಿ ಗರಿಷ್ಠ ಎರಡು ಬಂದೂಕುಗಳನ್ನು ಮಾತ್ರ ಹೊಂದಬಹುದು. ವಾರಸುದಾರಿಕೆಯಿಂದ ಬಂದ ಬಂದೂಕುಗಳೂ ಈ ಮಿತಿಯಲ್ಲಿಯೇ ಸೇರುತ್ತವೆ. ಅದಕ್ಕೂ ಮೊದಲು ಈ ಮಿತಿ ಮೂರು ಆಗಿತ್ತು.

(ಈ) ಬಂದೂಕಿನ ಮೇಲಿನ ಹೆಸರು, ಸಂಖ್ಯೆ ಅಥವಾ ಗುರುತನ್ನು ಅಳಿಸುವುದು, ಬದಲಿಸುವುದು ಅಧಿನಿಯಮದ 8ನೆಯ ಪ್ರಕರಣದಡಿ ನಿಷಿದ್ಧ. ಪರವಾನಗಿ ಇಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು 6ನೆಯ ಪ್ರಕರಣದಡಿ ನಿಷಿದ್ಧ. ಸಂಗ್ರಾಹಕರ ದೃಷ್ಟಿಯಲ್ಲಿ ಮೌಲ್ಯ ಕಳೆಯುವ ಕೆಲಸಗಳೇ ಕಾನೂನಿನ ದೃಷ್ಟಿಯಲ್ಲಿ ಅಪರಾಧಗಳಾಗಿರುವುದನ್ನು ಗಮನಿಸಬಹುದು.

(ಉ) ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಸಾಧ್ಯವಿಲ್ಲದ, ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಗಳಿಗೆ 45ನೆಯ ಪ್ರಕರಣದಲ್ಲಿ ವಿನಾಯಿತಿಯಿದೆ. 2020ರ ತಿದ್ದುಪಡಿ ನಿಯಮಗಳಂತೆ ‘ಕ್ಯೂರಿಯೊ’ ವರ್ಗದ ಸಣ್ಣ ಆಯುಧಗಳನ್ನು ಹೊಂದಲು ಪರವಾನಗಿ ಬೇಕಿಲ್ಲ. ಬಳಸಲು, ಒಯ್ಯಲು ಅಥವಾ ಸಾಗಿಸಲು ಬೇಕು. ಆಯುಧವು ಈ ವರ್ಗಗಳಿಗೆ ಸೇರುತ್ತದೆಯೇ ಎಂಬುದನ್ನು ಪರವಾನಗಿ ಪ್ರಾಧಿಕಾರದಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಹೊಂದಿರುವವರು ಸ್ವತಃ ತೀರ್ಮಾನಿಸಿಕೊಳ್ಳಬಾರದು.

(ಊ) ಐತಿಹಾಸಿಕ ಮಹತ್ವವುಳ್ಳ, 100 ವರ್ಷಗಳಿಗಿಂತ ಹಳೆಯ ವಸ್ತುಗಳು ಪ್ರಾಚ್ಯವಸ್ತು ಹಾಗೂ ಕಲಾನಿಧಿ ಅಧಿನಿಯಮ, 1972ರ ವ್ಯಾಪ್ತಿಗೆ ಬರಬಹುದು. ಪ್ರಾಚ್ಯವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಆಯುಧಗಳ ರಫ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಆದುದರಿಂದ ಹೊರದೇಶದ ಬೆಲೆಯನ್ನು ಇಲ್ಲಿನ ಕುಟುಂಬವು ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚಿದೆ.

ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ನೀಡಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 31-10-2029ರವರೆಗೆ ಮುಂದುವರಿಸಿದೆ. ಇದರ ವ್ಯಾಪ್ತಿಯನ್ನು ಆಯಾ ಅಧಿಸೂಚನೆಯಂತೆಯೇ ತಿಳಿಯತಕ್ಕದ್ದು.

11. ವಾರಸುದಾರರು ಅನುಸರಿಸಬೇಕಾದ ಕ್ರಮಗಳು

(ಅ) ಪರವಾನಗಿದಾರರು ಮೃತಪಟ್ಟಲ್ಲಿ ವಿಳಂಬವಿಲ್ಲದೆ ಆಯುಧವನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯತಕ್ಕದ್ದು.
(ಆ) ಠೇವಣಿ ಇಡುವಾಗ ಮಾದರಿ, ಬೋರ್, ಕ್ರಮಸಂಖ್ಯೆ, ಜೊತೆಯಲ್ಲಿರುವ ಬಾರು, ಸಂಗೀನು, ಪೆಟ್ಟಿಗೆ ಮುಂತಾದ ಪರಿಕರಗಳನ್ನು ರಸೀದಿಯಲ್ಲಿ ನಮೂದಿಸಿಕೊಳ್ಳಬೇಕು.
(ಇ) ಆಯುಧವನ್ನು ಬಿಚ್ಚುವುದು, ಉಜ್ಜುವುದು, ಲೇಪ ಅಥವಾ ವಾರ್ನಿಷ್ ಹಾಕಿಸುವುದು, ಬಿಡಿಭಾಗ ಬದಲಿಸುವುದು ಮಾಡಬಾರದು. ಹಳೆಯ ತೋಟಾಗಳನ್ನು ಹಾರಿಸಿ ನೋಡಬಾರದು.
(ಈ) ಪರವಾನಗಿಗಾಗಿ ಸಂಬಂಧಪಟ್ಟ ಜಿಲ್ಲಾ ದಂಡಾಧಿಕಾರಿಗಳಿಗೆ, ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರಿಗೆ ಅರ್ಜಿ ಸಲ್ಲಿಸಬೇಕು. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಇತರ ವಾರಸುದಾರರ ಒಪ್ಪಿಗೆ ಪತ್ರ, ಮೂಲ ಪರವಾನಗಿ ಮತ್ತು ಠೇವಣಿ ರಸೀದಿಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.
(ಉ) ಪರವಾನಗಿದಾರರು ತಮ್ಮ ಆಯುಧವನ್ನು ಅರ್ಹರಾದ ಮತ್ತೊಬ್ಬರಿಗೆ ಮಾರುವುದಾದರೆ, ಕೊಳ್ಳುವವರ ವಿವರಗಳೊಂದಿಗೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಠಾಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, 45 ದಿನಗಳು ಕಳೆದ ನಂತರವೇ ವರ್ಗಾಯಿಸತಕ್ಕದ್ದು.
(ಊ) ಆಸ್ತಿ ವಿಭಾಗ ಪತ್ರದಲ್ಲಿ ಆಯುಧಕ್ಕೆ ಊಹೆಯ ಮೊತ್ತ ಬರೆಯದೆ, ಪರವಾನಗಿ ಪಡೆದ ವ್ಯಾಪಾರಿಯಿಂದ ಲಿಖಿತ ಅಂದಾಜು ಪಡೆಯುವುದು ಒಳ್ಳೆಯದು. ಪರವಾನಗಿ ದೊರೆಯದೆ ಹೋದರೆ ಆಯುಧವನ್ನು ಪಾಲಾಗಿ ಪಡೆದವರು ನಷ್ಟಕ್ಕೊಳಗಾಗುವ ಸಂಭವವಿದೆ.

12. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ಮನೆಯ ಅಟ್ಟದಲ್ಲಿ ಪರವಾನಗಿ ದಾಖಲೆಯಿಲ್ಲದ ಹಳೆಯ ರೈಫಲ್ ದೊರೆತಿದೆ. ಬೆಲೆ ತಿಳಿಯಲು ಯಾರಿಗೆ ತೋರಿಸಬೇಕು?
ಉತ್ತರ: ಬೆಲೆ ತಿಳಿಯುವುದು ನಂತರದ ವಿಷಯ. ಮೊದಲು ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ನೀಡಿ ಅವರ ಸೂಚನೆಯಂತೆ ಒಪ್ಪಿಸಬೇಕು. ಅದನ್ನು ಸ್ವತಃ ಹೊತ್ತು ಊರೂರು ಅಲೆಯುವುದು, ಛಾಯಾಚಿತ್ರ ತೆಗೆದು ಮಾರಾಟಕ್ಕೆಂದು ಪ್ರಕಟಿಸುವುದು ತೊಂದರೆಗೆ ಆಹ್ವಾನ ನೀಡಿದಂತೆ.

ಪ್ರಶ್ನೆ: ರೈಫಲ್ ಮೇಲೆ ಪೊಲೀಸ್ ಅಥವಾ ಸೈನ್ಯದ ಗುರುತಿದೆ. ಅದರಿಂದ ಮೌಲ್ಯ ಹೆಚ್ಚುವುದೇ?
ಉತ್ತರ: .303 ರೈಫಲ್‌ಗಳು ಭಾರತದ ಪೊಲೀಸ್ ಪಡೆಗಳಲ್ಲಿ ಇತ್ತೀಚಿನವರೆಗೂ ಬಳಕೆಯಲ್ಲಿದ್ದವು. ಉತ್ತರ ಪ್ರದೇಶ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರಲ್ಲಿ. ಅಧಿಕೃತ ಮಾರಾಟದ ದಾಖಲೆ ಇಲ್ಲದಿದ್ದರೆ ಅಂತಹ ಗುರುತು ಮೌಲ್ಯವನ್ನಲ್ಲ, ಅದು ಸರ್ಕಾರಿ ಸ್ವತ್ತಾಗಿರಬಹುದಾದ ಸಂಭವವನ್ನು ಸೂಚಿಸುತ್ತದೆ.

ಪ್ರಶ್ನೆ: ತುಕ್ಕು ಹಿಡಿಯುತ್ತಿದ್ದರೆ ಏನು ಮಾಡಬೇಕು?
ಉತ್ತರ: ಪರವಾನಗಿ ಇರುವ ಆಯುಧವಾದಲ್ಲಿ, ಅದು ಖಾಲಿಯಿದೆ ಎಂದು ಖಚಿತಪಡಿಸಿಕೊಂಡು, ಮೃದುವಾದ ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಬಂದೂಕಿನ ಎಣ್ಣೆ ಹಚ್ಚಬಹುದು. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರರಿಗೆ ಬಿಡತಕ್ಕದ್ದು.

ಪ್ರಶ್ನೆ: ಮಾರಾಟವೂ ಸಾಧ್ಯವಿಲ್ಲ, ಹೆಚ್ಚು ಬೆಲೆಯೂ ಇಲ್ಲವೆಂದಾದರೆ ಹಳೆಯ ರೈಫಲನ್ನು ಜೋಪಾನ ಮಾಡುವುದರಿಂದ ಪ್ರಯೋಜನವೇನು?
ಉತ್ತರ: ಹಣದ ಬೆಲೆ ಮೌಲ್ಯದ ಒಂದು ಭಾಗ ಮಾತ್ರ. ಯಾವ ಕಾರ್ಖಾನೆಯಲ್ಲಿ ಹುಟ್ಟಿ, ಯಾವ ಕೈಗಳನ್ನು ದಾಟಿ ಮನೆಗೆ ಬಂದಿತು ಎಂಬುದನ್ನು ರೈಫಲ್‌ನ ಮುದ್ರೆಗಳೂ ಮನೆಯ ಕಾಗದಗಳೂ ಒಟ್ಟಾಗಿ ಹೇಳುತ್ತವೆ. ಒಂದನ್ನು ಉಜ್ಜಿ, ಮತ್ತೊಂದನ್ನು ರದ್ದಿಗೆ ಹಾಕಿದ ಮೇಲೆ ಅದನ್ನು ಮರಳಿ ಪಡೆಯಲು ಯಾವ ಮೊತ್ತವೂ ಸಾಲದು.

13. ಸೂಚನೆ

ಈ ಪುಟದ ವಿವರಗಳನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ಇದು ಯಾವುದೇ ಆಯುಧದ ಮೌಲ್ಯ ಪ್ರಮಾಣಪತ್ರವಲ್ಲ. ಕಾನೂನಿನ ವಿಷಯದಲ್ಲಿ ಅಧಿನಿಯಮ, ನಿಯಮಗಳು ಮತ್ತು ಕಾಲಕಾಲಕ್ಕೆ ಹೊರಡಿಸಲಾಗುವ ಅಧಿಸೂಚನೆಗಳೇ ಅಂತಿಮ. ಅರ್ಜಿದಾರರು ತಮ್ಮ ಪ್ರಕರಣಕ್ಕೆ ಸಂಬಂಧಿಸಿದಂತೆ ಹೆಚ್ಚಿನ ಮಾಹಿತಿಗಾಗಿ ಪರವಾನಗಿ ಪ್ರಾಧಿಕಾರದ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.